ಎದ್ದ ನೀರು, ಉಂಡ ನೀರು

ಬೆಂಗಳೂರು ಎಷ್ಟು ಗಂಟೆಗೆ ಕಕ್ಕಸಿಗೆ ಹೋಗುತ್ತದೆ ಎನ್ನುವುದು ನಮ್ಮವ್ವ ಚಿನ್ನಮ್ಮನಿಗೆ ಗೊತ್ತು. ಅವಳು ಬೆಂಗಳೂರು ನೋಡಿದ್ದು ಒಂದೇ ಸಲ, ಅದೂ ನಮ್ಮಪ್ಪನ ಹೆಣ ತರಲಿಕ್ಕೆ. ಗಡಿಯಾರ ನೋಡಲು ಅವಳಿಗೆ ಬರುವುದಿಲ್ಲ. ಆದರೆ ಮಧ್ಯಾಹ್ನ ಹೊಳೆಯ ದಡದಲ್ಲಿ ನಿಂತು, ಬಂಡೆಗೆ ಅಂಟಿದ ನೊರೆ ನೋಡಿ, ಇವತ್ತು ಭಾನುವಾರ, ತಡವಾಗಿ ಎದ್ದಿದ್ದಾರೆ ಎನ್ನುತ್ತಾಳೆ. ದೀಪಾವಳಿಯ ದಿನ ನೀರು ಎರಡು ಗಂಟೆ ಮುಂಚೆ ಬರುತ್ತದೆ, ಎಣ್ಣೆಯ ಜಿಡ್ಡು ಹೊತ್ತುಕೊಂಡು. ಆಯುಧಪೂಜೆಯ ಮಾರನೆಯ ದಿನ ನೀರು ಕೆಂಪಗೋ ನೀಲಿಯಾಗೋ ಇರುತ್ತದೆ, ಕಾರ್ಖಾನೆಯವರು ತೊಟ್ಟಿ ತೊಳೆದಿರುತ್ತಾರೆ.

ನಮ್ಮ ಹೊಳೆಯ ಹೆಸರು ವೃಷಭಾವತಿ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತು ಅಂತ ಹೇಳುತ್ತಾರೆ. ಹುಟ್ಟಿದ ಜಾಗದಲ್ಲಿ ಹೂವು ಹಾಕುತ್ತಾರೆ, ಅಲ್ಲಿಂದ ಎರಡು ಮೈಲಿ ಈಚೆಗೆ ಹೇಲು ಹಾಕುತ್ತಾರೆ. ಮೈಸೂರು ರಸ್ತೆಯ ಪಕ್ಕ ಮೂಗು ಮುಚ್ಚಿಕೊಂಡು ಓಡಿ, ಕೆಂಗೇರಿ ದಾಟಿ, ಬಿಡದಿಯ ಕಡೆಗೆ ಇಳಿದು, ಬೈರಮಂಗಲದ ಕೆರೆ ತುಂಬಿ, ಆಚೆಗೆ ಕನಕಪುರದ ದಿಕ್ಕಿನಲ್ಲಿ ಅರ್ಕಾವತಿಗೆ ಸೇರುತ್ತದೆ. ಅಷ್ಟೇ ಅದರ ಆಯಸ್ಸು. ಬೆಳಿಗ್ಗೆ ಒಂದು ಎತ್ತಿನ ಗಾಡಿ ಕಟ್ಟಿದರೆ ಮಾರನೆಯ ದಿನ ಸಂಜೆಗೆ ಇಡೀ ಹೊಳೆ ಮುಗಿದುಹೋಗುತ್ತದೆ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ ಅಂತ ಗಾದೆ ಇದೆ. ಬೆಂಗಳೂರಿಗೆ ಬಂದವರೆಲ್ಲ, ಯಾವ ಜಾತಿಯವರೇ ಆಗಲಿ, ಎಷ್ಟು ಮಡಿಯವರೇ ಆಗಲಿ, ಏಳೆಂಟು ಗಂಟೆಯ ನಂತರ ನಮ್ಮ ನೀರಿಗೆ ಬಂದೇ ಬರುತ್ತಿದ್ದರು. ಬೆಳಿಗ್ಗೆ ಆರಕ್ಕೆ ಅವರು ಬಿಟ್ಟದ್ದು ಮಧ್ಯಾಹ್ನ ಎರಡಕ್ಕೆ ನಮ್ಮ ಮಡುವಿನದೊಡ್ಡಿಗೆ ಬರುತ್ತಿತ್ತು. ಹೊಳೆ ಒಂದು ಮೊಳ ಏರುತ್ತಿತ್ತು. ಇದಕ್ಕೆ ನಮ್ಮ ಹೆಂಗಸರು ಎದ್ದ ನೀರು ಅನ್ನುತ್ತಿದ್ದರು. ರಾತ್ರಿ ಅವರು ಉಂಡು ಪಾತ್ರೆ ತೊಳೆದದ್ದು ನಮ್ಮಲ್ಲಿಗೆ ಕೋಳಿ ಕೂಗುವ ಹೊತ್ತಿಗೆ. ಅದು ಉಂಡ ನೀರು. ಎರಡರ ನಡುವೆ ಹೊಳೆ ಇಳಿಯುತ್ತಿತ್ತು. ಆ ಇಳಿಗಾಲದಲ್ಲಿ ನಮ್ಮವರ ಕೂಲಿ.

ಹೈಸ್ಕೂಲಿನಲ್ಲಿ ಮೇಷ್ಟ್ರು ಸಮುದ್ರದ ಉಬ್ಬರ ಇಳಿತ ಹೇಳಿಕೊಟ್ಟಾಗ ನಾನು ಎದ್ದು ನಿಂತು, ನಮ್ಮ ಹೊಳೆಯೂ ದಿನಕ್ಕೆ ಎರಡು ಸಲ ಏರುತ್ತದೆ ಸಾರ್ ಅಂದೆ. ಅದಕ್ಕೆ ಚಂದ್ರ ಬೇಕು ಕಣೋ ಹುಚ್ಚಪ್ಪ ಅಂದರು ಅವರು. ಕ್ಲಾಸೆಲ್ಲ ನಕ್ಕಿತು. ಆ ಸಿಟ್ಟಿಗೋ ಏನೋ, ನಾನು ರಾಮನಗರದ ಕಾಲೇಜಿನಲ್ಲಿ ಭೂಗೋಳವನ್ನೇ ಓದಿದೆ. ಬಿ.ಎ. ಆದ ಮೇಲೆ ನೀರು ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿನಲ್ಲಿ ನೀರಿನ ಮಾದರಿ ಹಿಡಿದು ತರುವ ದಿನಗೂಲಿ ಕೆಲಸ ಸಿಕ್ಕಿತು. ಲ್ಯಾಬಿಗೆ ಸರ್ಕಾರದ ಗುತ್ತಿಗೆ ಇತ್ತು. ನನ್ನ ಕುತ್ತಿಗೆಗೆ ಒಂದು ಕಾರ್ಡು ನೇತುಹಾಕಿದರು. ಅದರಲ್ಲಿ ಯೋಗಾನಂದ, ಸ್ಯಾಂಪ್ಲರ್ ಅಂತಿತ್ತು. ನಮ್ಮ ಕಾಲೊನಿಯಲ್ಲಿ ಕುತ್ತಿಗೆಗೆ ಕಾರ್ಡು ಹಾಕಿಕೊಂಡ ಮೊದಲ ಮನುಷ್ಯ ನಾನು. ಕಾರ್ಡನ್ನು ಭಾನುವಾರವೂ ತೆಗೆಯುತ್ತಿರಲಿಲ್ಲ.

ಹೆಂಗಸರ ಕೂಲಿಯ ವಿಷಯ ಹೇಳಬೇಕು. ಹೊಳೆಯ ಎರಡು ದಡವೂ ಮೇಲಿನ ಬೀದಿಯವರವು. ಅವರು ಅಲ್ಲಿ ಭತ್ತ ಬೆಳೆಯುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಹುಲ್ಲು ಬೆಳೆಯುತ್ತಿದ್ದರು. ಬೆಂಗಳೂರಿನ ಹೇಲಿಗೆ ಹುಲ್ಲು ಆಳುದ್ದ ಬರುತ್ತಿತ್ತು. ಆ ಹುಲ್ಲು ತಿಂದ ಸೀಮೆಹಸು ಕೊಡುವ ಹಾಲು ಡೈರಿಗೆ, ಡೈರಿಯಿಂದ ಮತ್ತೆ ಬೆಂಗಳೂರಿಗೆ. ಹುಲ್ಲು ಕೊಯ್ಯುವವರು ಮಾತ್ರ ನಮ್ಮವರು. ಮಂಡಿಯುದ್ದ ನೀರಿನಲ್ಲಿ ನಿಂತು ಬಗ್ಗಿ ಕೊಯ್ಯಬೇಕು. ತಳದಲ್ಲಿ ಗಾಜು, ಬ್ಲೇಡು, ಆಸ್ಪತ್ರೆಯ ಸೂಜಿ. ಕಾಲಿಗೆ ಗೊಬ್ಬರದ ಚೀಲ ಸುತ್ತಿ ಹುರಿ ಕಟ್ಟಿಕೊಳ್ಳುತ್ತಿದ್ದರು. ಆದರೂ ನೀರು ಒಳಗೆ ಹೋಗುತ್ತಿತ್ತು. ಅವ್ವನ ಎರಡೂ ಕಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಮೊಣಕಾಲಿನಿಂದ ಕೆಳಗೆ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿಯುತ್ತಿತ್ತು. ಬೇವಿನೆಣ್ಣೆ ಸವರಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಉಂಡ ನೀರು ಇಳಿದ ಕೂಡಲೇ ಮತ್ತೆ ಅದೇ ನೀರು.

ಆ ಕೂಲಿಯಿಂದ ನಾನು ಬಿ.ಎ. ಓದಿದ್ದು.

ಹೊಳೆಯಿಂದ ಅರವತ್ತು ಅಡಿ ದೂರದಲ್ಲಿ ನಮ್ಮ ಕಾಲೊನಿಯ ಬೋರಿನ ಕೈಪಂಪು. ಹೊಳೆಯಲ್ಲಿ ಇದ್ದದ್ದೇ ಪಂಪಿನಲ್ಲಿ. ಹೊಳೆ ಏರಿದಾಗ ಪಂಪು ಒತ್ತಿದರೆ ನೀರು ಹಳದಿಯಾಗಿ, ನೊರೆಗಟ್ಟಿ ಬೀಳುತ್ತಿತ್ತು. ಗಡಿಗೆಗೆ ಚಿಲ್ಲದ ಬೀಜ ತೇಯ್ದು ರಾತ್ರಿಯೆಲ್ಲ ಇಟ್ಟರೆ ಕದಡು ತಳಕ್ಕೆ ಕೂರುತ್ತಿತ್ತು, ವಾಸನೆ ಕೂರುತ್ತಿರಲಿಲ್ಲ. ಹಾಗಾಗಿ ಬಳಸಲಿಕ್ಕೆ ಪಂಪು, ಕುಡಿಯಲಿಕ್ಕೆ ಮಾತ್ರ ಮೇಲಿನ ಬೀದಿಯ ನಲ್ಲಿ. ಅಲ್ಲಿಗೆ ನಾವು ಹೋದರೆ ತಡೆಯುವವರು ಯಾರೂ ಇರಲಿಲ್ಲ, ಕಾನೂನು ಇತ್ತಲ್ಲ. ಅವರದೆಲ್ಲ ತುಂಬಿ ಮುಗಿದ ಮೇಲೆ ಹನ್ನೊಂದಕ್ಕೆ ನಮ್ಮ ಸರದಿ. ಮನೆಗೆ ಒಂದೇ ಕೊಡ. ನಾವು ಕೊಡ ಎತ್ತಿಕೊಂಡು ತಿರುಗುವಷ್ಟರಲ್ಲಿ ಹಿಂದೆ ಯಾರೋ ನಲ್ಲಿಯ ಕಟ್ಟೆಗೆ ಒಂದು ಬಕೆಟ್ಟು ನೀರು ಎರಚುವ ಸದ್ದು. ತಿರುಗಿ ನೋಡಬೇಡ ಅಂತ ಅವ್ವ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು.

ನಮ್ಮ ಪಕ್ಕದ ಮನೆಯ ನಂಜುಂಡಯ್ಯ ಅಂಚೆ ಕಚೇರಿಯಲ್ಲಿ ಇದ್ದು ನಿವೃತ್ತರಾದವರು. ಮೇಲಿನ ಬೀದಿಯ ಪೈಪನ್ನು ಕಾಲೊನಿಗೆ ಎಳೆಯಿರಿ ಅಂತ ನಾಲ್ಕು ವರ್ಷ ಅರ್ಜಿ ಬರೆದರು. ಕಾಗದ ಹೋಯಿತು, ಬಂತು, ಹೋಯಿತು. ಕೊನೆಗೆ ಎರಡು ಸಾವಿರದ ಐದರ ಜನವರಿಯಲ್ಲಿ, ರಾಮನಗರ ಇನ್ನೂ ಜಿಲ್ಲೆ ಆಗಿರಲಿಲ್ಲ, ಒಂದು ಉತ್ತರ ಬಂತು. ಕಾಲೊನಿಯ ನೀರು ಕುಡಿಯಲು ಯೋಗ್ಯವಲ್ಲ ಅಂತ ಲ್ಯಾಬು ಬರೆದುಕೊಟ್ಟರೆ ಪೈಪು ಈ ವರ್ಷವೇ ಮಂಜೂರು. ಮಾರ್ಚಿಗೆ ಹಣ ವಾಪಸು ಹೋಗುತ್ತದೆ. ಒಂದೇ ಒಂದು ಬಾಟಲಿ ನೀರಿನ ಮೇಲೆ ಎಲ್ಲ ನಿಂತಿತ್ತು. ಆ ಬಾಟಲಿ ತುಂಬಿಸುವವನು ನಾನು. ದೇವರೇ ನಮ್ಮ ಮನೆ ಹುಡುಗನನ್ನು ಆ ಜಾಗದಲ್ಲಿ ಕೂರಿಸಿದ್ದಾನೆ ಅಂತ ನಂಜುಂಡಯ್ಯ ಅಂದರು.

ದಿನ, ಹೊತ್ತು ಎರಡನ್ನೂ ನಾನೇ ಗೊತ್ತು ಮಾಡಿಸಿದೆ. ಸೋಮವಾರ, ಎರಡೂವರೆ. ಎದ್ದ ನೀರು ತುಂಬಿ ನಿಲ್ಲುವ ಹೊತ್ತು. ಸೋಮವಾರ ಬೆಂಗಳೂರು ಬಟ್ಟೆಯನ್ನೂ ಒಗೆಯುತ್ತದೆ. ಇಂಜಿನಿಯರ್ ಸಾಹೇಬರು ಬರುತ್ತಾರೆ, ಎದುರಿಗೇ ತುಂಬಿಸಬೇಕು ಅಂತ ಆದೇಶ ಇತ್ತು.

ಸಾಹೇಬರು ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡು ಬಂದರು. ಜೀಪು ಓಡಿಸುವವನು ಶುಕೂರ್, ರಾಮನಗರದವನು, ಅವರ ಮನೆಯವರದು ರೇಷ್ಮೆ ಬಿಚ್ಚುವ ಕೆಲಸ. ಹೊಳೆ ದಡ ಮುಚ್ಚಿ ಹರಿಯುತ್ತಿತ್ತು. ನೊರೆ ಹಾರಿಬಂದು ಪಂಪಿನ ಸುತ್ತ ಬಿದ್ದಿತ್ತು. ಸಾಹೇಬರು ಇಳಿದರು, ಮೂಗಿಗೆ ಕರ್ಚೀಫು ಹಿಡಿದರು, ಆಮೇಲೆ ಏನನ್ನಿಸಿತೋ ತೆಗೆದು ಜೇಬಿಗೆ ಇಟ್ಟರು. ಕೆಟ್ಟ ಮನುಷ್ಯ ಅಲ್ಲ. ಅದನ್ನೂ ಹೇಳಬೇಕು. ಪಂಪಿನವರೆಗೆ ಐವತ್ತು ಹೆಜ್ಜೆ ಕೊಚ್ಚೆ ಇತ್ತು. ಅವರ ಬೂಟು ಹೊಸದು. ಅಲ್ಲೇ ನಮ್ಮ ಮನೆಯ ಮುಂದೆ ನಿಂತರು. ಹೆಂಗಸರು ಸೆರಗು ಹೊದ್ದು ದೂರ ನಿಂತರು. ಅವರ ಕಾಲು ನೋಡಿ ಸಾಹೇಬರ ಮುಖ ಒಂದು ಥರ ಆಯಿತು.

ಆಗ ಅವರು ನಮ್ಮವ್ವನ ಕಡೆ ತಿರುಗಿ, "ಕುಡಿಯೋಕೆ ನೀರು ಕೊಡಮ್ಮ" ಅಂದರು.

ನಮ್ಮ ಕಾಲೊನಿಗೆ ತಹಸೀಲ್ದಾರರು ಬಂದಿದ್ದಾರೆ, ಓಟಿಗೆ ನಿಂತವರು ಬಂದಿದ್ದಾರೆ, ಜನಗಣತಿಯ ಮೇಷ್ಟ್ರು ಬಂದಿದ್ದಾರೆ. ಎಲ್ಲರೂ ಬಾಟಲಿ ಹಿಡಿದೇ ಬರುತ್ತಿದ್ದರು. ನಮ್ಮವರ ಕೈಯಿಂದ ನೀರು ಕೇಳಿದವರು ಯಾರೂ ಇರಲಿಲ್ಲ. ಅವ್ವ ಒಳಗೆ ಓಡಿದಳು. ನನ್ನ ಮದುವೆಗೆಂದು ಎತ್ತಿಟ್ಟಿದ್ದ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಗಸಗಸ ಉಜ್ಜುವ ಸದ್ದು ಕೇಳಿಸಿತು. ಆವತ್ತು ಬೆಳಿಗ್ಗೆ ಮೇಲಿನ ಬೀದಿಯಿಂದ ಹೊತ್ತು ತಂದು ಬಾಗಿಲ ಪಕ್ಕದ ಗಡಿಗೆಗೆ ಸುರಿದಿದ್ದ ನೀರನ್ನು, ಬಿಳಿ ಬಟ್ಟೆಯಲ್ಲಿ ಸೋಸಿ, ಚೊಂಬು ತುಂಬಿ ತಂದಳು. ಸಾಹೇಬರು ಚೊಂಬು ಎತ್ತಿ ಗಟಗಟ ಕುಡಿದರು.

ಕುಡಿದು, ಬಾಯಿ ಒರೆಸಿಕೊಂಡು, ನೀರು ಸಿಹಿಯಾಗಿದೆಯಲ್ಲ ಅಂದರು. ಹೊಳೆಯನ್ನು ಒಂದು ಸಲ ನೋಡಿದರು. ತಮ್ಮ ಬೂಟನ್ನು ಒಂದು ಸಲ ನೋಡಿದರು. ಆಮೇಲೆ ನನಗೆ, "ನೀವು ಕುಡಿಯೋದು ಇದೇ ತಾನೆ, ಈ ಗಡಿಗೇದೇ ತುಂಬಿಸ್ಕೋಪ್ಪ, ಸಾಕು" ಅಂದರು.

ಇಲ್ಲಿ ನಾನು ಬಾಯಿ ಬಿಡಬೇಕಾಗಿತ್ತು. ಸಾರ್, ಇದು ಪಂಪಿನದಲ್ಲ, ಐವತ್ತು ಹೆಜ್ಜೆ ನಡೆಯಿರಿ. ಅಷ್ಟೇ. ಒಂದು ಉಸಿರಿನ ಮಾತು. ನಾನು ಅವ್ವನನ್ನು ನೋಡಿದೆ. ಆ ಮುಖವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮೊದಲ ಸಲ ಗಂಡಸಿನಷ್ಟು ನೆಟ್ಟಗೆ ನಿಂತಿದ್ದಳು. ಈಗ ಬಾಯಿ ಬಿಟ್ಟರೆ ಅವಳು ಎಲ್ಲರೆದುರು ಸುಳ್ಳಿ ಆಗುತ್ತಾಳೆ, ಸಾಹೇಬರು ಪೆಚ್ಚಾಗುತ್ತಾರೆ ಅನ್ನಿಸಿತು. ಇದು ನಾನು ಬಹಳ ದಿನ ನನಗೇ ಹೇಳಿಕೊಂಡ ಕಾರಣ. ನಿಜ ಇನ್ನೊಂದೂ ಇದೆ. ಬರುವಾಗ ಜೀಪಿನಲ್ಲಿ ಸಾಹೇಬರು, ನಿನ್ನನ್ನು ಕಾಯಂ ಮಾಡಲು ಲ್ಯಾಬಿನವರಿಗೆ ಹೇಳುತ್ತೇನೆ ಅಂದಿದ್ದರು. ಮತ್ತೂ ಒಂದಿದೆ. ಆ ಹಳದಿ ನೀರು ನಮ್ಮನೆಯದು ಅಂತ ಅವರಿಗೆ ತೋರಿಸಲು ನನಗೇ ನಾಚಿಕೆಯಾಯಿತು. ನೀರು ಕೆಟ್ಟದ್ದು ಅಂತ ತೋರಿಸಲಿಕ್ಕೇ ಕರೆಸಿದವನು ನಾನು, ತೋರಿಸುವ ಹೊತ್ತಿಗೆ ನಾಚಿದೆ.

ಬಾಟಲಿ ತುಂಬಿಸಿದೆ. ಚೀಟಿಯ ಮೇಲೆ ಬರೆದೆ: ಮಡುವಿನದೊಡ್ಡಿ ಕಾಲೊನಿ ಕೈಪಂಪು, ಎರಡು ನಲವತ್ತು. ಕೆಳಗೆ ನನ್ನ ಸಹಿ.

ಸಾಹೇಬರು ಬಿಡದಿಯಲ್ಲಿ ಇಳಿದು ಬೇರೆ ಗಾಡಿ ಹಿಡಿದರು. ಜೀಪಿನಲ್ಲಿ ನಾನು, ಶುಕೂರ್, ಬಾಟಲಿ. ಶುಕೂರ್ ಗಾಡಿ ಪಕ್ಕಕ್ಕೆ ನಿಲ್ಲಿಸಿದ. ತಾನು ಪಂಪಿನಲ್ಲಿ ಮುಖ ತೊಳೆದೆ, ಇನ್ನೂ ಕಣ್ಣು ಉರಿಯುತ್ತಿದೆ ಅಂದ. ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದು ಆ ನೀರಲ್ಲ ಯೋಗಣ್ಣ. ಚೆಲ್ಬುಡು. ವಾಪಸ್ ಹೋಗಿ ಹಿಡ್ಕಂಡ್ ಬರಾಣ. ಲೇಟಾಗಿದ್ಕೆ ಪಂಚರ್ ಅಂತ ನಾನ್ ಹೇಳ್ತೀನಿ."

ಹೊತ್ತಾಯಿತು, ಲ್ಯಾಬು ಮುಚ್ಚುತ್ತದೆ ಅಂದೆ. ಮುಚ್ಚುತ್ತಿರಲಿಲ್ಲ. ಮೇಲಿನ ಬೀದಿಯ ನೀರಿನಲ್ಲೂ ಏನಾದರೊಂದು ಸಿಕ್ಕೇ ಸಿಗುತ್ತದೆ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಶುಕೂರ್ ಗಾಡಿ ಸ್ಟಾರ್ಟ್ ಮಾಡಿದ. ಬೆಂಗಳೂರು ಬರುವವರೆಗೆ ಬಾಟಲಿ ನನ್ನ ತೊಡೆಯ ಮೇಲೆ ಇತ್ತು.

ಮಾರ್ಚಿ ಮೊದಲ ವಾರ ಪಂಚಾಯಿತಿ ಬೋರ್ಡಿಗೆ ಕಾಗದ ಅಂಟಿಸಿದರು. ಕುಡಿಯಲು ಯೋಗ್ಯವಾಗಿದೆ. ಪೈಪು ರದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಪಂಚಾಯಿತಿ ಮೆಂಬರು ದೇವರಾಜು, ಹದಿನಾಲ್ಕು ಹಸುವಿನ ಯಜಮಾನ, ನಮ್ಮ ಹೆಂಗಸರು ಕೊಯ್ಯುವ ಹುಲ್ಲಿನ ಮುಕ್ಕಾಲು ಪಾಲು ಅವನದೇ, ಮೇಲಿನ ನಲ್ಲಿಗೆ ತಂತಿ ಬೇಲಿ ಹಾಕಿಸಿ ಬೀಗ ಜಡಿಸಿದ. ನಂಜುಂಡಯ್ಯ ಕೇಳಲು ಹೋದರೆ ಅವನು ಬೈಯಲಿಲ್ಲ. ಕೂರಿಸಿ ಮಾತಾಡಿದ.

"ಬ್ಯಾಸ್ಗೆ ಕಣಯ್ಯ, ನಮ್ಗೇ ಸಾಲ್ದು. ನಿಮ್ ನೀರು ಚೆನ್ನಾಗೈತೆ ಅಂತ ಗೌರ್ಮೆಂಟೇ ಬರ್ಕೊಟ್ಟೈತಲ್ಲ. ಇನ್ನೇನ್ ಬೇಕು?"

ಆವತ್ತು ಸಂಜೆ ಅವ್ವ ನನ್ನ ಮುಂದೆ ಬಂದು ಕೂತಳು. ಸಾಹೇಬರಿಗೆ ಆ ನೀರು ಕೊಟ್ಟವಳು ತಾನಲ್ಲವಾ ಅಂತ ಕೇಳಿದಳು. ಪರೀಕ್ಷೆಗೆ ಅಂತ ತನಗೆ ಗೊತ್ತಿತ್ತು, ಪಂಪಿನ ನೀರೇ ತರಬೇಕು ಅಂತಲೂ ಗೊತ್ತಿತ್ತು, ಆದರೆ ಬಾಯಾರಿ ಕೇಳಿದವರ ಕೈಗೆ ಆ ನೀರು ಇಡಲು ಕೈ ಬರಲಿಲ್ಲ ಅಂದಳು. ಸಾಹೇಬರು ಹಾಗಂದರೂ ಬಾಟಲಿಯನ್ನು ನೀನು ಆಮೇಲೆ ಪಂಪಿನಲ್ಲಿ ಹಿಡಿದೆ ಅಂದುಕೊಂಡಿದ್ದೆ, ಗಡಿಗೆಯದನ್ನೇ ಹಿಡಿದೆಯಾ ಅಂದಳು.

ನನಗೆ ಗೊತ್ತಾಗಲಿಲ್ಲ ಕಣವ್ವ, ಗಡಿಗೆಯಲ್ಲಿದ್ದದ್ದು ಪಂಪಿನದೇ ಅಂದುಕೊಂಡೆ ಅಂದೆ.

ಅವಳು ನಂಬಿದಳು. ಓದಿದ ಮಗ, ಕುತ್ತಿಗೆಗೆ ಕಾರ್ಡು. ಹಾಗಾದರೆ ಎಲ್ಲಾ ನನ್ನಿಂದಲೇ ಆಯಿತು ಅಂದಳು. ನಾನು ಅಲ್ಲ ಅನ್ನಲಿಲ್ಲ.

ಜನ ಪಂಪಿನ ನೀರು ಕುಡಿಯಲು ಶುರು ಮಾಡಿದರು. ಬೇರೆ ಏನು ಮಾಡುತ್ತಾರೆ? ಏಪ್ರಿಲಿನಲ್ಲಿ ಐದು ಜನರ ಕಣ್ಣು ಹಳದಿಯಾಯಿತು. ಐದನೆಯವಳು ನಂಜುಂಡಯ್ಯನ ಸೊಸೆ ನಯನಾ. ಏಳು ತಿಂಗಳ ಬಸುರಿ, ಆರನೆಯ ತಿಂಗಳವರೆಗೂ ಹುಲ್ಲು ಕೊಯ್ದವಳು. ಹೊಟ್ಟೆಯಲ್ಲೇ ಮಗು ಹೋಯಿತು. ಅವಳು ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿ ಇದ್ದು, ಕಡ್ಡಿಯಾಗಿ ಮನೆಗೆ ಬಂದಳು.

ಅವ್ವ ಬೆಳಿಗ್ಗೆ ಹುಲ್ಲು ಕೊಯ್ದು, ಒಂದು ಗಂಟೆಗೆ ಹೊಳೆಯಿಂದ ಎದ್ದು, ಉಣ್ಣದೆ, ಒಂದು ಕೊಡ ಹಿಡಿದು ಗುಡ್ಡದ ಆಚೆ ಯಾರದೋ ತೋಟದ ಪಂಪ್‌ಸೆಟ್ಟಿಗೆ ಹೋಗುತ್ತಿದ್ದಳು. ಎರಡು ಮೈಲಿ. ಸುಲಿದ ಕಾಲಿನಲ್ಲಿ, ಬೇಸಿಗೆಯ ಮಧ್ಯಾಹ್ನ. ಆ ಕೊಡ ತಂದು ನಯನಾಳ ಬಾಗಿಲಲ್ಲಿ ಇಟ್ಟು, ಒಂದು ಲೋಟವೂ ತಾನು ಮುಟ್ಟದೆ ಬರುತ್ತಿದ್ದಳು. ನಮ್ಮ ಮನೆಗೆ ಪಂಪಿನದೇ. ನಾನು ಹೊತ್ತು ತರುತ್ತೇನೆ ಬಿಡು ಅಂದರೆ, ತಪ್ಪು ನಿಂದಲ್ಲ ಕಣಪ್ಪ ಅನ್ನುತ್ತಿದ್ದಳು. ಅದನ್ನು ಕೇಳಿಕೊಂಡು ನಾನು ಕಾರ್ಡು ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಲ್ಯಾಬಿನ ಕ್ಯಾನಿನ ನೀರು ಕುಡಿಯುತ್ತಿದ್ದೆ. ನನ್ನ ಕಣ್ಣು ಹಳದಿಯಾಗಲಿಲ್ಲ.

ಮೇ ತಿಂಗಳಲ್ಲಿ ಸ್ಕೂಲಿನ ಜಗುಲಿಯಲ್ಲಿ ಗ್ರಾಮಸಭೆ. ಅದೇ ಇಂಜಿನಿಯರ್ ಸಾಹೇಬರು ಫೈಲು ಹಿಡಿದು ಬಂದರು. ಲ್ಯಾಬಿನ ಪರವಾಗಿ ನಾನು ಅವರ ಕುರ್ಚಿಯ ಪಕ್ಕ ನಿಂತಿದ್ದೆ. ಮೇಲಿನ ಬೀದಿಯವರು ಜಮಖಾನದ ಮೇಲೆ, ನಮ್ಮವರು ಕೆಳಗೆ ಅಂಗಳದಲ್ಲಿ. ನಂಜುಂಡಯ್ಯ ಎದ್ದು, ನೀರು ಕುಡಿದೇ ಕಾಮಾಲೆ ಬಂದಿದೆ ಅಂದರು. ಸಾಹೇಬರು ಫೈಲು ತೆರೆದು, ಕಾಮಾಲೆಗೆ ನೂರು ಕಾರಣ ಇರುತ್ತದೆ, ರಿಪೋರ್ಟಿನಲ್ಲಿ ನೀರು ಚೆನ್ನಾಗಿದೆ, ನಾನೇ ಕುಡಿದು ನೋಡಿದ್ದೇನೆ ಅಂದರು. ದೇವರಾಜು ತಲೆ ಆಡಿಸಿದ.

ಅಂಗಳದಿಂದ ಅವ್ವ ಎದ್ದಳು. ಸಭೆಯಲ್ಲಿ ಅವಳು ಎದ್ದದ್ದು ಅದೇ ಮೊದಲು.

"ಅವತ್ತು ನಿಮ್ಗೆ ಕೊಟ್ಟ ನೀರು ನಮ್ಮ ಪಂಪಿಂದಲ್ಲ ಸ್ವಾಮಿ. ಮೇಲಿನ ಬೀದೀದು. ನಮ್ ಕೈ ನೀರು ಕುಡೀತೀನಿ ಅಂದ ಮನ್ಸ ನೀವೊಬ್ರೇ. ನಿಮ್ಗೆ ಹೇಲ್ ನೀರು ಹೆಂಗ್ ಕೊಡ್ಲಿ? ಆ ಮಗೂನ ನಾನೇ ತಿಂದ್ಕಂಡೆ. ನನ್ ಮಗಂಗೆ ಇದು ಗೊತ್ತಿರ್ನಿಲ್ಲ. ಅವ್ನ ಏನೂ ಅನ್ಬ್ಯಾಡಿ."

ನಯನಾ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದಳು. ಸಾಹೇಬರ ಮುಖದ ಬಣ್ಣ ಹೋಯಿತು. ತಾವೇ ಗಡಿಗೆಯದು ತುಂಬಿಸು ಅಂದದ್ದು ಅವರಿಗೆ ನೆನಪಾಗಿರಬೇಕು. ಅದನ್ನು ನುಂಗಿಕೊಂಡು ನನ್ನ ಕಡೆ ತಿರುಗಿದರು. ಮೆತ್ತಗೆ ಕೇಳಿದರು.

"ಅದು ನನಗೆ ಕುಡಿಯೋಕೆ ಕೊಟ್ಟ ನೀರು. ಸ್ಯಾಂಪಲ್ ನೀನು ಆಮೇಲೆ ಪಂಪಿಗೇ ಹೋಗಿ ಹಿಡಿದೆ ಅಲ್ವೇನಪ್ಪ? ಚೀಟಿಯಲ್ಲಿ ಹಾಗೇ ಇದೆ."

ಬಾಗಿಲು ತೆರೆದು ನಿಂತಿದ್ದರು. ಹೌದು ಸಾರ್ ಅಂದರೆ ಮುಗಿಯಿತು. ಅವರ ಕುರ್ಚಿ ಉಳಿಯುತ್ತದೆ, ನನ್ನ ಕಾರ್ಡು ಉಳಿಯುತ್ತದೆ. ಅವ್ವ ತಲೆ ಕೆಟ್ಟ ಮುದುಕಿ ಆಗುತ್ತಾಳೆ. ಅವ್ವ ನನ್ನನ್ನೇ ನೋಡುತ್ತಿದ್ದಳು, ಹೌದು ಅನ್ನು ಅಂತ ಕಣ್ಣಲ್ಲೇ ಹೇಳುತ್ತಿದ್ದಳು. ನನ್ನನ್ನು ಉಳಿಸಲು ಹುಚ್ಚಿ ಆಗಲೂ ತಯಾರಿದ್ದಳು. ಅದನ್ನು ನನ್ನಿಂದ ತಾಳಿಕೊಳ್ಳಲಾಗಲಿಲ್ಲ.

"ಇಲ್ಲ ಸಾರ್" ಅಂದೆ. "ಗಡಿಗೆಯದೇ ತುಂಬಿಸಿದೆ. ನೀವೇ ಹೇಳಿದ್ರಿ. ಅದು ಪಂಪಿನದಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ."

ಅವ್ವನ ಮುಖ ನೋಡಿದೆ. ನೋಡಬಾರದಿತ್ತು. ಇಷ್ಟು ದಿನ ತಾನು ಹೊತ್ತ ಕೊಡ ಯಾರದು ಅಂತ ಅವಳಿಗೆ ಆಗ ಗೊತ್ತಾಯಿತು. ಮೆಲ್ಲಗೆ ಕೂತಳು.

ಸಾಹೇಬರು ಎದ್ದರು. ತಾಯಿ ಮಗ ಸೇರಿ ಸರ್ಕಾರಕ್ಕೆ ಮೋಸ ಮಾಡಿದ್ದಾರೆ ಅಂತ ಬರೆದುಕೊಂಡರು. ಮೊದಲಿನ ಮಂಜೂರಾತಿ ಸತ್ತುಹೋಗಿದೆ, ಮುಂದಿನ ವರ್ಷ ಹೊಸ ಅರ್ಜಿ ಕೊಡಿ ಅಂದರು. ನನ್ನ ಕುತ್ತಿಗೆಯಿಂದ ಕಾರ್ಡನ್ನು ಅವರೇ ಬಿಚ್ಚಿಸಿಕೊಂಡರು. ಸುಳ್ಳು ನೀರು ಕೊಟ್ಟವರು ನೀವೇ, ನೀವೇ ಅನುಭವಿಸಿ ಅಂತ ದೇವರಾಜು ಅಂದ. ಸಭೆ ಮುಗಿಯಿತು ಅಂತ ಜಮಖಾನ ಸುತ್ತತೊಡಗಿದರು.

ಆಗ ನಯನಾ ದೇವರಾಜುವಿನ ಕಡೆಗೆ ತಲೆ ಎತ್ತಿದಳು. ಅವಳ ದನಿ ಇನ್ನೂ ಗಟ್ಟಿಯಾಗಿರಲಿಲ್ಲ.

"ಗೌಡ್ರೆ, ನಾಳಿಂದ ನಾವ್ಯಾರೂ ಹೊಳೆಗೆ ಇಳಿಯಾಕಿಲ್ಲ. ನೀರು ಚೆನ್ನಾಗೈತಂತಲ್ಲ, ನಿಮ್ ಮನೆ ಹೆಂಗಸ್ರು ಇಳ್ದು ಕುಯ್ಕಳ್ಲಿ."

ಮಾರನೆಯ ದಿನ ಉಂಡ ನೀರು ಇಳಿಯಿತು. ಒಬ್ಬಳೂ ಹೋಗಲಿಲ್ಲ. ಕುಡುಗೋಲು ಮನೆಯ ಸೂರಿನಲ್ಲೇ ಇತ್ತು. ಎರಡನೆಯ ದಿನ ದೇವರಾಜು ಕೂಲಿ ಹೆಚ್ಚಿಗೆ ಅಂದ. ಮೂರನೆಯ ದಿನ ಸೊಸೈಟಿಯ ಅಕ್ಕಿ ನಿಲ್ಲಿಸುತ್ತೇನೆ ಅಂದ. ನಾಲ್ಕನೆಯ ದಿನ ಮಾಗಡಿ ಕಡೆಯಿಂದ ಟೆಂಪೋದಲ್ಲಿ ಹನ್ನೆರಡು ಹೆಂಗಸರನ್ನು ತಂದ. ಅವರೂ ನಮ್ಮಂಥವರೇ. ಅವರಿಗೆ ಹೊಳೆ ಗೊತ್ತಿರಲಿಲ್ಲ. ಹುಲ್ಲು ಕೊಯ್ದು ಹೊರೆಯನ್ನು ನೀರಿನ ಅಂಚಿನಲ್ಲೇ ಒಟ್ಟಿದರು. ಒಂದೂವರೆಗೆ ಅವ್ವ ದಡಕ್ಕೆ ಹೋಗಿ, ನೀರು ಬರುವ ಹೊತ್ತಾಯಿತು, ಮೇಲಕ್ಕೆ ಬನ್ನಿ ತಾಯಿ ಅಂತ ಅವರನ್ನು ಕೂಗಿ ಎಬ್ಬಿಸಿದಳು. ಹೊರೆಗಳ ವಿಷಯ ಹೇಳಲಿಲ್ಲ. ಎರಡು ಗಂಟೆಗೆ ಬೆಂಗಳೂರು ಬಂತು. ದೇವರಾಜು ದಡದಲ್ಲಿ ನಿಂತಂತೆಯೇ ಅವನ ಹದಿನಾಲ್ಕು ಹಸುವಿನ ಮೇವು ಬೈರಮಂಗಲದ ಕಡೆ ತೇಲಿಹೋಯಿತು. ಆ ಹೆಂಗಸರು ಮರುದಿನ ಬರಲಿಲ್ಲ.

ಒಂಬತ್ತನೆಯ ದಿನ ಹಸುಗಳ ಕೂಗು ಕಾಲೊನಿಗೆ ಕೇಳಿಸುತ್ತಿತ್ತು. ಡೈರಿಯಲ್ಲಿ ಹಾಲು ಅರ್ಧಕ್ಕೆ ಇಳಿದಿತ್ತು. ಹತ್ತನೆಯ ದಿನ ಬೆಳಿಗ್ಗೆ ದೇವರಾಜು ಒಂದು ಟ್ರ್ಯಾಕ್ಟರ್ ಪ್ಲಾಸ್ಟಿಕ್ ಪೈಪು ತಂದು ಇಳಿಸಿದ. ಯಾವ ಸರ್ಕಾರದ್ದೂ ಅಲ್ಲ, ಸ್ವಂತ ಖರ್ಚು. ಸಂಜೆಯೊಳಗೆ ಮೇಲಿನ ಟ್ಯಾಂಕಿನಿಂದ ಕಾಲೊನಿಗೆ ನಲ್ಲಿ ಬಂತು. ಒತ್ತಡ ಸಾಲುವುದಿಲ್ಲ ಅಂತ ನಾಲ್ಕು ವರ್ಷ ಕಚೇರಿಯವರು ಬರೆದಿದ್ದರು, ನೀರು ಧುಮ್ಮಿಕ್ಕಿತು. ಮನುಷ್ಯರಿಗಾಗಿ ಬಾರದ ನೀರು ಹಸುಗಳಿಗಾಗಿ ಬಂತು. ಹೆಂಗಸರು ಮರುದಿನ ಹುಲ್ಲಿಗೆ ಹೋದರು, ಬೂಟು ಕೊಟ್ಟರೆ ಮಾತ್ರ ಅಂತ ಹೇಳಿ. ಬೂಟು ಬಂದದ್ದು ಆರು ಜೊತೆ, ಹೆಂಗಸರು ಹದಿನೆಂಟು. ಆ ಜಗಳ ಇನ್ನೂ ಇದೆ.

ಇವೆಲ್ಲ ಆದದ್ದು ನನ್ನಿಂದ ಅಂತ ಕೆಲವರು ಅನ್ನುತ್ತಾರೆ. ಸಭೆಯಲ್ಲಿ ಧೈರ್ಯವಾಗಿ ನಿಜ ಹೇಳಿದ ಅಂತ ಬೆನ್ನು ತಟ್ಟುತ್ತಾರೆ. ಅವರಿಗೆ ನಾನು ಏನು ಹೇಳಲಿ? ಐವತ್ತು ಹೆಜ್ಜೆ ನಡೆಯದೆ ಒಂದು ಮಗುವನ್ನು ಕೊಂದವರು ಇಬ್ಬರು. ಒಬ್ಬರಿಗೆ ಗಡಿಗೆಯ ನೀರು ಎಲ್ಲಿಯದು ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾನು ಬಿಡದಿಯ ಒಂದು ಇಟ್ಟಿಗೆ ಗೂಡಿನಲ್ಲಿ ಲೋಡು ಹೊರುವ ಕೆಲಸಕ್ಕೆ ಸೇರಿದೆ. ನಲ್ಲಿ ಬಂದು ಮೂರನೆಯ ದಿನ ಸಂಜೆ, ಮೈಯೆಲ್ಲ ಕೆಂಪು ದೂಳು, ಮನೆಗೆ ಬಂದೆ. ಸಭೆಯ ದಿನದಿಂದ ಅವ್ವ ನನ್ನ ಜೊತೆ ಮಾತಾಡಿರಲಿಲ್ಲ. ಉಣ್ಣಲು ಇಡುತ್ತಿದ್ದಳು, ಹೊರಗೆ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಮನೆಯವರಿಗೆ ಯಾರೂ ನೀರು ತಂದುಕೊಡುವ ಪದ್ಧತಿ ಇಲ್ಲ. ಬಾಯಾರಿದವರು ಒಳಗೆ ಹೋಗಿ ಗಡಿಗೆಯಿಂದ ತಾವೇ ಬಗ್ಗಿಸಿಕೊಳ್ಳುತ್ತಾರೆ. ನಾನು ಒಳಗೆ ಕಾಲಿಡಲು ಹೋದೆ. ಅವ್ವ ಹೊಸಿಲಿನಲ್ಲಿ ಅಡ್ಡ ನಿಂತಳು.

ಜಗುಲಿಯ ಕಡೆ ಕೈ ತೋರಿಸಿದಳು. ಕೂತೆ. ಒಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸೋಸಿ, ಲೋಟ ತುಂಬಿ ತಂದು, ನನ್ನ ಕೈಗೆ ಕೊಡದೆ ಪಕ್ಕದಲ್ಲಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಅವ್ವ, ನಾನು ಕಣವ್ವ ಅಂದೆ.

"ಗೊತ್ತು" ಅಂದಳು. "ಕುಡಿ. ಹೊರಗಿನೋರ್ಗೆ ನಾನ್ಯಾವತ್ತೂ ಕೆಟ್ಟ ನೀರು ಕೊಟ್ಟೋಳಲ್ಲ."

ಲೋಟ ಎತ್ತಿಕೊಂಡೆ. ನೀರು ಸಿಹಿಯಾಗಿತ್ತು. ಅವಳು ನೋಡುತ್ತ ನಿಂತಿದ್ದಳು, ನಾನು ಪೂರಾ ಕುಡಿದೆ.